ಕಡಿಮೆ ದುಡ್ಡಿನಲ್ಲಿ 2ಡಿ ಆನಿಮೇಷನ್: ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಒಂದು ಶಾಟ್ ಮಾಡಿ ನೋಡಿ

2ಡಿ ಆನಿಮೇಷನ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಅವರು ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಕೈಯಲ್ಲಿ ಒಂದೊಂದೇ ಚಿತ್ರ ಬಿಡಿಸುವವರು, ಇನ್ನೊಬ್ಬರು ವಾರಕ್ಕೊಂದು ಯೂಟ್ಯೂಬ್ ಕಥೆ ಹಾಕುವವರು, ಮತ್ತೊಬ್ಬರು ಸ್ಟುಡಿಯೋದಲ್ಲಿ ಕೆಲಸ ಮಾಡುವವರು. ಅವರವರ ಕೆಲಸಕ್ಕೆ ಹೊಂದುವ ಹೆಸರು ಅವರವರ ಬಾಯಲ್ಲಿ ಬರುತ್ತದೆ. ನಿಮ್ಮ ಕೆಲಸ ಯಾವುದು ಅನ್ನೋದು ನಿಮಗೇ ಗೊತ್ತಾಗುವ ಮುಂಚೆ ಈ ಹೆಸರುಗಳಿಂದ ಏನೂ ಉಪಯೋಗ ಇಲ್ಲ.

ಹಾಗಾಗಿ ನಾನು ಇಲ್ಲಿ ಹೇಳುವ ದಾರಿ ಸ್ವಲ್ಪ ಉಲ್ಟಾ. ಮೊದಲು ನಿಮ್ಮ ಕೆಲಸ, ಆಮೇಲೆ ನಿಮ್ಮ ಹತ್ತಿರ ಇರುವ ಕಂಪ್ಯೂಟರ್, ಆಮೇಲೆ ಒಂದು ಐದು ಸೆಕೆಂಡಿನ ಶಾಟ್, ಅಂದರೆ ಕಥೆಯ ಒಂದು ಚಿಕ್ಕ ತುಣುಕು. ಸಾಫ್ಟ್‌ವೇರ್ ಆಮೇಲೆ. ದುಡ್ಡು ಎಲ್ಲಕ್ಕಿಂತ ಕೊನೆಗೆ.

1. ನಿಮ್ಮ ಪಾತ್ರ ಹೇಗೆ ಅಲ್ಲಾಡಬೇಕು?

2ಡಿ ಆನಿಮೇಷನ್ ಮಾಡಲು ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಪ್ರತಿ ಚಿತ್ರವನ್ನೂ ಕೈಯಲ್ಲೇ ಬಿಡಿಸುವುದು. ಇದಕ್ಕೆ ಫ್ರೇಮ್ ಬೈ ಫ್ರೇಮ್ ಅಂತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆ ಮೇಲೆ ಒಂದರ ಹಿಂದೆ ಒಂದು ಬರುವ ಬಿಡಿ ನೋಟಗಳು, ಓಡುತ್ತವೆ. ಆದರೆ 24 ಚಿತ್ರ ಬಿಡಿಸಲೇಬೇಕು ಅಂತೇನಿಲ್ಲ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಈ ವಿಷಯದಲ್ಲಿ ದೊಡ್ಡ ಸ್ಟುಡಿಯೋಗಳು ಮಾಡುವುದೂ ಬಹಳಷ್ಟು ಸಲ ಹೀಗೆಯೇ. ಆದರೂ ಲೆಕ್ಕ ಹಾಕಿ: ಒಂದು ನಿಮಿಷಕ್ಕೆ 720 ಚಿತ್ರ. ಅದೂ ಒಂದೇ ಪಾತ್ರಕ್ಕೆ. ಇಬ್ಬರು ಮಾತಾಡುತ್ತಿದ್ದರೆ ಕೆಲಸ ಇನ್ನೂ ಜಾಸ್ತಿ. ಆದರೆ ಈ ದಾರಿಯಲ್ಲಿ ಸಿಗುವ ಜೀವಂತಿಕೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ ಅನ್ನೋದು ನನ್ನ ಗಟ್ಟಿಯಾದ ಅಭಿಪ್ರಾಯ.

ಎರಡನೆಯದು ಕಟೌಟ್. ನಮ್ಮ ತೊಗಲು ಗೊಂಬೆ ಆಡಿಸುವುದನ್ನು ನೋಡಿದ್ದೀರಲ್ವಾ? ತಲೆ, ಭುಜ, ಮೊಣಕೈ, ಮಂಡಿ ಎಲ್ಲಾ ಬೇರೆ ಬೇರೆ ತುಂಡು, ಕೀಲಿನಲ್ಲಿ ದಾರ ಹಾಕಿ ಸೇರಿಸಿರುತ್ತಾರೆ, ಕಡ್ಡಿ ಹಿಡಿದು ಅಲ್ಲಾಡಿಸುತ್ತಾರೆ. ಕಂಪ್ಯೂಟರ್‌ನಲ್ಲಿ ಕಟೌಟ್ ಅಂದರೆ ಅದೇ. ಪಾತ್ರದ ತುಂಡುಗಳನ್ನು ಒಂದು ಸಲ ಬಿಡಿಸಿ, ಒಳಗೆ ಮೂಳೆಗಳನ್ನು ಇಟ್ಟು ಜೋಡಿಸುತ್ತೀರಿ. ಇದಕ್ಕೆ ರಿಗ್ ಅಂತ ಹೆಸರು. ಆಮೇಲೆ ಇಲ್ಲಿ ಒಂದು ಭಂಗಿ, ಅಲ್ಲಿ ಒಂದು ಭಂಗಿ ಕೊಟ್ಟರೆ ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬಿಕೊಡುತ್ತದೆ. ರಿಗ್ ಕಟ್ಟಲು ದಿನಗಟ್ಟಲೆ ಹಿಡಿಯಬಹುದು, ಆದರೆ ಅದೇ ಪಾತ್ರವನ್ನು ಐವತ್ತು ಎಪಿಸೋಡ್‌ಗಳಲ್ಲಿ ಬಳಸಬಹುದು.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಒಂದೋ ಎರಡೋ ಚಿಕ್ಕ ಫಿಲಂ ಮಾಡಬೇಕು, ಪ್ರತಿ ಗೆರೆಯೂ ನಿಮ್ಮದಾಗಿರಬೇಕು ಅಂದರೆ ಮೊದಲನೇ ದಾರಿ. ಅದೇ ಪಾತ್ರಗಳು ಮತ್ತೆ ಮತ್ತೆ ಬರುವ ಮಕ್ಕಳ ಕಥೆ, ಪಾಠದ ವಿಡಿಯೋ ಅಂದರೆ ಎರಡನೆಯದು. ಇದನ್ನು ನಿರ್ಧಾರ ಮಾಡಿದರೆ ಪಟ್ಟಿಯಲ್ಲಿರುವ ಅರ್ಧ ಹೆಸರುಗಳು ತಾವಾಗೇ ಬಿದ್ದುಹೋಗುತ್ತವೆ.

2. ನಿಮ್ಮ ಕಂಪ್ಯೂಟರ್ ಎಷ್ಟು ತಡೆಯುತ್ತದೆ?

ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಆಮೇಲೆ ಲ್ಯಾಪ್‌ಟಾಪ್ ಹ್ಯಾಂಗ್ ಆದಾಗ ಸಾಫ್ಟ್‌ವೇರನ್ನು ಬೈಯುತ್ತೇವೆ. ಲೆಕ್ಕ ಸುಲಭ ಇದೆ, ನೋಡಿ.

ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದ. ಗುಣಿಸಿದರೆ ಸುಮಾರು 20 ಲಕ್ಷದ 73 ಸಾವಿರ ಚುಕ್ಕೆಗಳು. ಒಂದೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಅಂತ 4 ಬೈಟ್. ಅಲ್ಲಿಗೆ ಒಂದು ಚಿತ್ರಕ್ಕೆ 8 ಎಂಬಿಗಿಂತ ಸ್ವಲ್ಪ ಜಾಸ್ತಿ. ಐದು ಸೆಕೆಂಡಿಗೆ 60 ಚಿತ್ರ, ಗೆರೆಗೆ ಒಂದು ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ), ಬಣ್ಣಕ್ಕೆ ಒಂದು ಲೇಯರ್ ಅಂದರೆ 120. ಹತ್ತಿರ ಹತ್ತಿರ 1 ಜಿಬಿ ಆಯಿತು. ಕೆಲಸ ಮಾಡುವಾಗ ಇದೆಲ್ಲಾ ರ‍್ಯಾಮ್‌ನಲ್ಲಿ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ, ಕೂರಬೇಕು. ಒಳ್ಳೆಯ ಸಾಫ್ಟ್‌ವೇರ್‌ಗಳು ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದೆ ಉಳಿಸುತ್ತವೆ, ಹಾಗಾಗಿ ನಿಜವಾಗಿ ಇಷ್ಟು ಆಗದೇ ಇರಬಹುದು. ಆದರೆ ಅಂಡೂ ಮಾಡಲು, ಅಂದರೆ ಮಾಡಿದ್ದನ್ನು ವಾಪಸ್ ತೆಗೆಯಲು, ಹಳೆಯ ಚಿತ್ರಗಳನ್ನೂ ನೆನಪಿಟ್ಟುಕೊಳ್ಳಬೇಕು, ಪ್ಲೇ ಮಾಡಿ ತೋರಿಸಲು ಬೇರೆ ಜಾಗ ಬೇಕು. 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ ತಾನೇ ಅರ್ಧ ತಿಂದು ಕೂತಿರುತ್ತದೆ.

4 ಜಿಬಿ ಇದ್ದರೆ ಸುಮ್ಮನಾಗಬೇಕಾಗಿಲ್ಲ. 1280 ಬೈ 720ರಲ್ಲಿ ಕೆಲಸ ಮಾಡಿ. ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಶಾಟ್‌ಗಳನ್ನು ಚಿಕ್ಕದಾಗಿ ಇಡಿ, ಒಂದು ಶಾಟ್‌ಗೆ ಒಂದು ಫೈಲ್. ಇಡೀ ಕಥೆಯನ್ನು ಒಂದೇ ಫೈಲಿನಲ್ಲಿ ಮಾಡಲು ಹೋಗಬೇಡಿ, 16 ಜಿಬಿ ಇದ್ದವರೂ ಹೋಗಬೇಡಿ.

ವೆಕ್ಟರ್ ಸಾಫ್ಟ್‌ವೇರ್‌ಗಳ ವಿಷಯ ಬೇರೆ. ಅವು ಚುಕ್ಕೆಗಳ ಬದಲು ಗೆರೆ ಎಲ್ಲಿಂದ ಎಲ್ಲಿಗೆ, ಹೇಗೆ ಬಾಗಿದೆ ಅನ್ನುವುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತವೆ. ಫೈಲು ಚಿಕ್ಕದು, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಆದರೆ ಪೆನ್ಸಿಲ್ಲಿನ ಒರಟು, ಜಲವರ್ಣದ ಮಬ್ಬು ಇವೆಲ್ಲ ಅಲ್ಲಿ ಅಷ್ಟು ಸಹಜವಾಗಿ ಬರುವುದಿಲ್ಲ.

ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ ಇದೆ ಅನ್ನುವವರಿಗೆ ಫ್ಲಿಪಾಕ್ಲಿಪ್ ಇದೆ. ಆಂಡ್ರಾಯ್ಡ್‌ಗೂ ಐಫೋನ್‌ಗೂ ಸಿಗುತ್ತದೆ. ಪುಕ್ಕಟೆ ಆವೃತ್ತಿಯಲ್ಲಿ ಲೇಯರ್‌ಗಳಿಗೆ ಮಿತಿ ಇದೆ, ವಿಡಿಯೋ ಮೇಲೆ ಅವರ ವಾಟರ್‌ಮಾರ್ಕ್ ಬರುತ್ತದೆ. ಕಲಿಯಲು ಅದು ದೊಡ್ಡ ವಿಷಯವಲ್ಲ. ಬೆರಳಲ್ಲಿ ಬಿಡಿಸುವುದಕ್ಕಿಂತ ನೂರು ಇನ್ನೂರು ರೂಪಾಯಿಯ ಒಂದು ಸ್ಟೈಲಸ್ ತಗೊಂಡರೆ ಗೆರೆ ಎಲ್ಲಿ ಬೀಳುತ್ತಿದೆ ಅನ್ನುವುದಾದರೂ ಕಾಣುತ್ತದೆ.

3. ಒಂದು ಶಾಟ್ ಬರೆದಿಟ್ಟುಕೊಳ್ಳಿ

ಇನ್ನೂ ಏನೂ ಡೌನ್‌ಲೋಡ್ ಮಾಡಬೇಡಿ. ಒಂದು ಹಾಳೆ ತಗೊಂಡು ಐದು ಸೆಕೆಂಡಿನ ಒಂದು ಶಾಟ್ ಬರೆಯಿರಿ. ಎಲ್ಲಾ ಸಾಫ್ಟ್‌ವೇರ್‌ನಲ್ಲೂ ಇದೇ ಶಾಟನ್ನು ಮಾಡಿ ನೋಡುವುದು, ಬೇರೆ ಬೇರೆ ಅಲ್ಲ. ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ.

ಉದಾಹರಣೆಗೆ ಇದನ್ನು ತಗೊಳ್ಳಿ: ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಯಾರೋ ಬಂದ ಸದ್ದಾಗುತ್ತದೆ. ತಲೆ ಎತ್ತುತ್ತಾಳೆ, ತಿರುಗುತ್ತಾಳೆ, "ಊಟ ಆಯ್ತಾ ಮಗಾ?" ಅಂತಾಳೆ.

ಇಷ್ಟೇ. ಆದರೆ ಇದರಲ್ಲಿ ನಿಮಗೆ ಬೇಕಾದ ಪರೀಕ್ಷೆಗಳೆಲ್ಲಾ ಇವೆ. ಅವರೆಕಾಯಿ ಬಿಡಿಸುವ ಕೈ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ, ಹಾಗಾಗಿ ಒಂದು ಸುತ್ತಿನ ಚಿತ್ರಗಳನ್ನು ಮರುಬಳಕೆ ಮಾಡುವುದು ಎಷ್ಟು ಸುಲಭ ಅಂತ ಗೊತ್ತಾಗುತ್ತದೆ. ತಲೆ ತಿರುಗುವುದು ಕಷ್ಟದ ಕೆಲಸ, ಅಲ್ಲಿ ಆನಿಯನ್ ಸ್ಕಿನ್ ಬೇಕೇ ಬೇಕು, ಅಂದರೆ ಹಿಂದಿನ ಮುಂದಿನ ಚಿತ್ರಗಳು ಮಸುಕಾಗಿ ಕಾಣುವ ಸೌಲಭ್ಯ. ಸೀರೆಗೆ ಬಣ್ಣ ತುಂಬಬೇಕು. ಹಿಂದೆ ಗೋಡೆ, ಕಂಬ ಅಲ್ಲಾಡದೆ ನಿಂತಿರಬೇಕು. ಮಾತಿಗೆ ತುಟಿ ಹೊಂದಬೇಕು. ಆ ಒಂದು ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಹಿಂದೆ ಮುಂದೆ ಕತ್ತರಿಸಿ ವೇವ್ ಫೈಲಾಗಿ ಉಳಿಸಿಕೊಳ್ಳಿ. ಆಡಾಸಿಟಿ ಪುಕ್ಕಟೆ.

4. ಪುಕ್ಕಟೆ ಸಿಗುವವನ್ನು ಮೊದಲು ನೋಡಿ

ಪುಕ್ಕಟೆ ಅಂದರೆ ಕಳಪೆ ಅನ್ನುವ ಭಾವನೆ ಇನ್ನೂ ಬಹಳ ಜನರಲ್ಲಿದೆ. 2ಡಿ ಆನಿಮೇಷನ್‌ನಲ್ಲಿ ಅದು ಖಂಡಿತಾ ನಿಜವಲ್ಲ.

ಪೆನ್ಸಿಲ್2ಡಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವ ಹೆಸರು ಇದೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ತೆರೆದರೆ ಒಂದು ಬಿಳಿ ಹಾಳೆ, ಕೆಲವೇ ಕೆಲವು ಸಾಧನಗಳು, ಕೆಳಗೆ ಟೈಮ್‌ಲೈನ್, ಅಂದರೆ ಯಾವ ಚಿತ್ರ ಯಾವಾಗ ಬರಬೇಕು ಅಂತ ತೋರಿಸುವ ಪಟ್ಟಿ. ಇಷ್ಟನ್ನು ಕಲಿಯಲು ಒಂದು ಸಂಜೆ ಸಾಕು. ಬಿಟ್‌ಮ್ಯಾಪ್ (ಚುಕ್ಕೆಗಳ) ಲೇಯರ್, ವೆಕ್ಟರ್ ಲೇಯರ್, ಧ್ವನಿಯ ಲೇಯರ್, ಕ್ಯಾಮೆರಾ ಲೇಯರ್ ಇವೆ. ಮೂಳೆ ಇಟ್ಟು ಗೊಂಬೆ ಆಡಿಸುವುದು ಇದರಲ್ಲಿಲ್ಲ. ಬ್ರಷ್‌ಗಳೂ ಕಡಿಮೆ. ಆದರೆ ಕೈಯಲ್ಲಿ ಬಿಡಿಸುವ ಆನಿಮೇಷನ್ ಅಂದರೆ ಏನು ಅಂತ ತಿಳಿಯಲು ಇಷ್ಟೇ ಬೇಕಾಗಿರುವುದು.

ಕ್ರಿಟಾ. ಇದು ಮೂಲತಃ ಚಿತ್ರ ಬಿಡಿಸುವ ಸಾಫ್ಟ್‌ವೇರ್. 2016ರಲ್ಲಿ ಬಂದ 3.0 ಆವೃತ್ತಿಯಿಂದ ಆನಿಮೇಷನ್ ಸೇರಿದೆ. ಇದರ ಬ್ರಷ್‌ಗಳು ಅದ್ಭುತವಾಗಿವೆ. ಅಜ್ಜಿಯ ಸೀರೆಯ ಮಡಿಕೆ, ಜಗಲಿಯ ನೆರಳು ಇವನ್ನೆಲ್ಲಾ ಚಿತ್ರಕಾರರ ಕೈಯಲ್ಲಿ ಬಂದ ಹಾಗೆ ತರಬೇಕು ಅಂದರೆ ಪುಕ್ಕಟೆಯಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ಮೇಲೆ ಹಾಕಿದ ರ‍್ಯಾಮ್ ಲೆಕ್ಕ ಎಲ್ಲಕ್ಕಿಂತ ಜಾಸ್ತಿ ಮುಟ್ಟುವುದು ಇದಕ್ಕೇ. ಶಾಟ್ ಚಿಕ್ಕದಿರಲಿ. ಹಳೇ ಆವೃತ್ತಿಗಳಲ್ಲಿ ವಿಡಿಯೋ ಹೊರತೆಗೆಯಲು ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಪ್ರೋಗ್ರಾಂ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, 5.2ರಿಂದ ಅದು ಜೊತೆಯಲ್ಲೇ ಬರುತ್ತದೆ. ಒಂದು ವಿಷಯ ಗಮನಿಸಿ: ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರ್ ಅನ್ನುವ ಆನ್‌ಲೈನ್ ಅಂಗಡಿಗಳಲ್ಲಿ ಕ್ರಿಟಾಗೆ ಬೆಲೆ ಇದೆ. ಅವರ ಸ್ವಂತ ತಾಣದಲ್ಲಿ ಅದೇ ಸಾಫ್ಟ್‌ವೇರ್ ಪುಕ್ಕಟೆ. ಸ್ಟೋರ್‌ನಲ್ಲಿ ಕೊಟ್ಟ ದುಡ್ಡು ಕ್ರಿಟಾ ಬೆಳೆಸುವವರಿಗೆ ಹೋಗುತ್ತದೆ, ಕೈಯಲ್ಲಿದ್ದಾಗ ಕೊಡಿ, ಇಲ್ಲದಿದ್ದರೆ ಕೊಡದೆಯೂ ಬಳಸಿ.

ಓಪನ್‌ಟೂನ್ಜ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟೂನ್ಜ್ ಅನ್ನುವುದು ಇಟಲಿಯ ಒಂದು ಕಂಪನಿ ಮಾಡಿದ ದುಬಾರಿ ಸಾಫ್ಟ್‌ವೇರ್. ಜಪಾನಿನ ಸ್ಟುಡಿಯೋ ಜಿಬ್ಲಿ ಇದನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡು ವರ್ಷಗಟ್ಟಲೆ ಬಳಸಿತು. 2016ರಲ್ಲಿ ಜಪಾನಿನ ದ್ವಾಂಗೊ ಕಂಪನಿ ಇದನ್ನು ಓಪನ್ ಸೋರ್ಸ್ ಮಾಡಿ, ಅಂದರೆ ಒಳಗಿನ ಕೋಡನ್ನೂ ಬಿಚ್ಚಿಟ್ಟು, ಎಲ್ಲರಿಗೂ ಕೊಟ್ಟುಬಿಟ್ಟಿತು. ಅಂಥ ಸಾಮಾನು ಇವತ್ತು ಹಾವೇರಿಯ ಹುಡುಗಿಯೊಬ್ಬಳಿಗೂ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣ ಇದೆ. ಇಲ್ಲಿ ಬಣ್ಣಗಳು ಪ್ಯಾಲೆಟ್‌ಗೆ, ಅಂದರೆ ನೀವು ಮಾಡಿಟ್ಟ ಬಣ್ಣಗಳ ಪಟ್ಟಿಗೆ, ಕಟ್ಟಿಕೊಂಡಿರುತ್ತವೆ. ಅಜ್ಜಿಯ ಸೀರೆಗೆ ಪ್ಯಾಲೆಟ್‌ನ ಒಂದು ಬಣ್ಣ ತುಂಬಿದ್ದೀರಿ ಅಂದುಕೊಳ್ಳಿ, 60 ಚಿತ್ರಗಳಲ್ಲೂ. ಎಲ್ಲಾ ಮುಗಿದ ಮೇಲೆ ಹಸಿರು ಬೇಡ, ಇಳಕಲ್ ಸೀರೆಯ ಆ ದಾಳಿಂಬೆ ಕೆಂಪು ಇರಲಿ ಅನ್ನಿಸುತ್ತದೆ. ಪ್ಯಾಲೆಟ್‌ನಲ್ಲಿ ಒಂದು ಕಡೆ ಬದಲಾಯಿಸಿದರೆ ಸಾಕು, 60 ಚಿತ್ರಗಳಲ್ಲೂ ಬದಲಾಗುತ್ತದೆ. ಬೇರೆ ಎಷ್ಟೋ ಕಡೆ ಒಂದೊಂದಕ್ಕೂ ಮತ್ತೆ ಬಣ್ಣ ತುಂಬುವ ಬಕೆಟ್ ಸಾಧನ ಹಿಡಿದು ಕೂರಬೇಕು. ಇನ್ನೊಂದು, ಕಾಗದದ ಮೇಲೆ ಬಿಡಿಸುವವರಿಗೆ ಇದರಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಬಿಡಿಸಿ, ಸ್ಕ್ಯಾನ್ ಮಾಡಿ ಒಳಗೆ ತಂದರೆ ಗೆರೆಗಳನ್ನು ಶುಚಿ ಮಾಡಿ ಬಣ್ಣಕ್ಕೆ ಸಿದ್ಧಮಾಡುವ ವ್ಯವಸ್ಥೆ ಒಳಗೇ ಇದೆ. ಮೂಳೆ ಇಟ್ಟು ಕಟೌಟ್ ಮಾಡುವುದಕ್ಕೂ ಬರುತ್ತದೆ.

ಕಷ್ಟ ಏನೆಂದರೆ ಮೊದಲ ಸಲ ತೆರೆದಾಗ ತಲೆ ತಿರುಗುತ್ತದೆ. ಎಕ್ಸ್‌ಷೀಟ್ ಅಂತ ಮೇಲಿನಿಂದ ಕೆಳಕ್ಕೆ ಓಡುವ ಒಂದು ಕೋಷ್ಟಕ ಇದೆ, ಹಳೆಯ ಸ್ಟುಡಿಯೋಗಳ ಪದ್ಧತಿ ಅದು. ಇದಕ್ಕೆ ಹೆದರಿದವರು ಟಹೋಮಾ2ಡಿ ನೋಡಿ. ಓಪನ್‌ಟೂನ್ಜ್‌ನಿಂದಲೇ ಕವಲೊಡೆದದ್ದು, ಸ್ವಲ್ಪ ಸರಳ ಮಾಡಿದ್ದಾರೆ, ವಿಡಿಯೋ ಹೊರತೆಗೆಯಲು ಬೇಕಾದ್ದೆಲ್ಲಾ ಜೊತೆಯಲ್ಲೇ ಇದೆ. ಹೊಸಬರಿಗೆ ಎರಡರಲ್ಲಿ ನಾನು ಟಹೋಮಾ2ಡಿಯನ್ನೇ ಹೇಳುತ್ತೇನೆ.

ಬ್ಲೆಂಡರ್. 3ಡಿ ಸಾಫ್ಟ್‌ವೇರ್ ಅಂತ ಎಲ್ಲರಿಗೂ ಗೊತ್ತು, ಅದರೊಳಗೆ ಗ್ರೀಸ್ ಪೆನ್ಸಿಲ್ ಅಂತ ಇದೆ. ತೆರೆದ ಕೂಡಲೇ 2ಡಿ ಆನಿಮೇಷನ್ ಅಂತ ಆರಿಸಿಕೊಂಡರೆ ಬಿಳಿ ಹಾಳೆ ಬರುತ್ತದೆ. 3ಡಿ ಜಾಗದೊಳಗೆ 2ಡಿ ಗೆರೆ ಎಳೆಯಬಹುದು, ಕ್ಯಾಮೆರಾ ಜಗಲಿಯ ಸುತ್ತ ಸುತ್ತಿ ಬರುವ ಹಾಗೆ ಮಾಡಬಹುದು. ಶಕ್ತಿ ಬಹಳ ಇದೆ. ಆದರೆ 8 ಜಿಬಿ ರ‍್ಯಾಮ್‌ಗಿಂತ ಕಡಿಮೆ ಇದ್ದರೆ, ಗ್ರಾಫಿಕ್ಸ್ ಹಳೆಯದಾಗಿದ್ದರೆ ಕೈ ಹಾಕಬೇಡಿ. ಕಲಿಯಲು ತಿಂಗಳುಗಳು ಬೇಕು ಅನ್ನುವುದೂ ಗೊತ್ತಿರಲಿ.

ಸಿನ್‌ಫಿಗ್ ಸ್ಟುಡಿಯೋ ಪೂರ್ತಿ ವೆಕ್ಟರ್. ಕಟೌಟ್ ದಾರಿ ಆರಿಸಿದವರು ನೋಡಬಹುದು, ಮೂಳೆಗಳೂ ಇವೆ. ಕೈಯಲ್ಲಿ ಬಿಡಿಸುವ ಸುಖ ಇದರಲ್ಲಿಲ್ಲ.

5. ಎರಡನ್ನು ಆರಿಸಿ, ಅಜ್ಜಿಯನ್ನು ಎರಡರಲ್ಲೂ ತಿರುಗಿಸಿ

ಎಲ್ಲವನ್ನೂ ಹಾಕಿಕೊಳ್ಳಬೇಡಿ. ನಿಮ್ಮ ದಾರಿಗೂ ಕಂಪ್ಯೂಟರಿಗೂ ಹೊಂದುವ ಎರಡು ಸಾಕು. ಎರಡರಲ್ಲೂ ಆ ಐದು ಸೆಕೆಂಡಿನ ಶಾಟನ್ನು ಕೊನೇತನಕ ಮಾಡಿ. ಕೊನೇತನಕ ಅಂದರೆ ವಿಡಿಯೋ ಫೈಲು ಹೊರಗೆ ಬಂದು, ಅದನ್ನು ಮೊಬೈಲಿಗೆ ಹಾಕಿಕೊಂಡು ಮನೆಯವರಿಗೆ ತೋರಿಸುವತನಕ. ಬಹಳ ಜನ ಒಂದು ಚೆಂಡು ಪುಟಿಸಿ ನೋಡಿ ಬಿಟ್ಟುಬಿಡುತ್ತಾರೆ. ಚೆಂಡು ಯಾವುದರಲ್ಲಾದರೂ ಪುಟಿಯುತ್ತದೆ. ತೊಂದರೆಗಳು ಕಾಣುವುದು ಬಣ್ಣ ತುಂಬುವಾಗ, ಧ್ವನಿ ಸೇರಿಸುವಾಗ, ಹೊರತೆಗೆಯುವಾಗ.

ಮಾಡುತ್ತಾ ಕೆಲವು ವಿಷಯ ಗಮನಿಸಿ. ಪೆನ್ ಒತ್ತಿದಾಗ ಗೆರೆ ಕೈಯ ಹಿಂದೆಯೇ ಬರುತ್ತದಾ, ಇಲ್ಲ ತಡವಾಗಿ ಎಳೆದುಕೊಂಡು ಬರುತ್ತದಾ? ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗಲು ಒಂದು ಕೀ ಒತ್ತಿದರೆ ಸಾಕಾ? ಇದು ಸಣ್ಣದು ಅನ್ನಿಸಬಹುದು, ಆದರೆ ದಿನಕ್ಕೆ ಸಾವಿರ ಸಲ ಮಾಡುವ ಕೆಲಸ ಇದು, ಇಲ್ಲಿ ಎರಡು ಕ್ಲಿಕ್ ಜಾಸ್ತಿ ಆದರೂ ಮಣಿಕಟ್ಟು ನೋಯುತ್ತದೆ. ಗೆರೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿದಿದ್ದರೆ ಬಣ್ಣ ಹೊರಗೆ ಚೆಲ್ಲುತ್ತದಾ, ಅಥವಾ ಸಂದಿಯನ್ನು ಮುಚ್ಚಿಕೊಂಡು ತುಂಬುತ್ತದಾ? ಧ್ವನಿಯ ಮೇಲೆ ಟೈಮ್‌ಲೈನನ್ನು ಮೆಲ್ಲಗೆ ಎಳೆದಾಗ ಆ ಆ ಜಾಗದ ಶಬ್ದ ಕೇಳುತ್ತದಾ? ತುಟಿ ಹೊಂದಿಸಲು ಇದು ಬೇಕೇ ಬೇಕು.

ಇದನ್ನೆಲ್ಲಾ ಮಾಡಿದ ಮೇಲೆ ಯಾವುದು ಬೇಕು ಅಂತ ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.

6. ಕನ್ನಡ ಅಕ್ಷರ, ಕನ್ನಡದ ಬಾಯಿ

ಇಂಗ್ಲಿಷ್‌ನ ಯಾವ ವಿಮರ್ಶೆಯಲ್ಲೂ ಈ ಭಾಗ ಸಿಗುವುದಿಲ್ಲ, ನಮಗೆ ನಾವೇ ಪರೀಕ್ಷೆ ಮಾಡಿಕೊಳ್ಳಬೇಕು.

ಮೊದಲು ಅಕ್ಷರ. ಸಾಫ್ಟ್‌ವೇರ್‌ನ ಟೆಕ್ಸ್ಟ್ ಸಾಧನ ತೆಗೆದು "ಅರ್ಕಾವತಿ", "ಸ್ತ್ರೀ", "ಅಜ್ಜಿಯ ಕಥೆ" ಅಂತ ಟೈಪ್ ಮಾಡಿ. ಅರ್ಕಾವತ್ತು ತನ್ನ ಜಾಗಕ್ಕೆ ಬಂದಿದೆಯಾ? ಒತ್ತಕ್ಷರ ಕೆಳಗೆ ಕೂತಿದೆಯಾ, ಇಲ್ಲ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದೆಯಾ? ಒಡೆದಿದ್ದರೆ ಅದೇ ಕಾರಣಕ್ಕೆ ಆ ಸಾಫ್ಟ್‌ವೇರ್ ಬಿಡಬೇಡಿ. ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಅನ್ನುವ ವೆಕ್ಟರ್ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಮಾಡಿ, ಅದೂ ಪುಕ್ಕಟೆ, ಅಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಆನಿಮೇಷನ್ ಒಳಗೆ ತನ್ನಿ. ಫಾಂಟ್‌ಗೂ ದುಡ್ಡು ಕೊಡಬೇಕಾಗಿಲ್ಲ. ಮಕ್ಕಳ ಕಥೆಗೆ ದಪ್ಪನೆಯ ಬಲೂ ತಮ್ಮ 2, ಹಳೇ ಪುಸ್ತಕದ ಕಳೆ ಬೇಕಾದರೆ ಟೈರೋ ಕನ್ನಡ, ಸಬ್‌ಟೈಟಲ್‌ಗೆ ನೋಟೋ ಸ್ಯಾನ್ಸ್ ಕನ್ನಡ. ಮೂರೂ ಮುಕ್ತ ಲೈಸೆನ್ಸ್‌ನವು, ದುಡ್ಡು ಬರುವ ವಿಡಿಯೋಗಳಲ್ಲೂ ಬಳಸಬಹುದು.

ಇನ್ನು ತುಟಿ. ಧ್ವನಿ ಕೊಟ್ಟರೆ ತಾನೇ ಬಾಯಿ ಹೊಂದಿಸುವ ಸೌಲಭ್ಯ ಈಗ ಹಲವು ಕಡೆ ಇದೆ. ಆದರೆ ಅದು ಸಾಮಾನ್ಯವಾಗಿ ಇಂಗ್ಲಿಷ್ ಪದಗಳನ್ನು ಗುರುತಿಸುವ ಹಾಗೆ ಮಾಡಿದ್ದು. ಟಹೋಮಾ2ಡಿಯಲ್ಲಿ ಬಳಸುವ ರೂಬಾರ್ಬ್ ಅನ್ನುವ ಸಾಧನದಲ್ಲಿ ಪದ ಬಿಟ್ಟು ಶಬ್ದವನ್ನು ಮಾತ್ರ ಕೇಳಿಸಿಕೊಳ್ಳುವ ಇನ್ನೊಂದು ವಿಧಾನವೂ ಇದೆ, ಫೊನೆಟಿಕ್ ಅಂತ ಹೆಸರು. ಕನ್ನಡಕ್ಕೆ ಅದನ್ನು ಬಳಸಿ. ಬಂದದ್ದನ್ನು ಕೈಯಲ್ಲಿ ತಿದ್ದಬೇಕಾಗುತ್ತದೆ.

ಕೈಯಲ್ಲೇ ಮಾಡುವುದಾದರೂ ಕಷ್ಟವಿಲ್ಲ. ನಮ್ಮದು ಬರೆದ ಹಾಗೆ ಓದುವ ಭಾಷೆ ಅಲ್ವಾ, ಅಕ್ಷರ ನೋಡಿದರೆ ಬಾಯಿಯ ಆಕಾರ ಗೊತ್ತಾಗುತ್ತದೆ. ಕನ್ನಡಿ ಮುಂದೆ ನಿಂತು "ಊಟ ಆಯ್ತಾ ಮಗಾ" ಅನ್ನಿ. ಊ, ತುಟಿ ಗುಂಡಗೆ ಮುಂದೆ ಬರುತ್ತದೆ. ಟ, ಸ್ವಲ್ಪ ತೆರೆದುಕೊಳ್ಳುತ್ತದೆ. ಆ, ದೊಡ್ಡದಾಗಿ ತೆರೆಯುತ್ತದೆ. ಯ್ತಾ ಅನ್ನುವಾಗ ಬಾಯಿ ಒಂದು ಕ್ಷಣ ಕಿರಿದಾಗಿ ಹಲ್ಲು ಕಂಡು ಮತ್ತೆ ತೆರೆಯುತ್ತದೆ. ಮ, ತುಟಿ ಪೂರ್ತಿ ಮುಚ್ಚುತ್ತದೆ. ಗಾ, ಮತ್ತೆ ತೆರೆಯುತ್ತದೆ. ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಆ "ಮ". ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು, ಕಡಿಮೆ ಅಂದರೆ ಎರಡು ಫ್ರೇಮ್ ಮುಚ್ಚಿರಬೇಕು. ಉಳಿದದ್ದು ಹೆಚ್ಚುಕಡಿಮೆ ಆದರೂ ನೋಡುವವರು ಕ್ಷಮಿಸುತ್ತಾರೆ, ಇದು ತಪ್ಪಿದರೆ ಡಬ್ಬಿಂಗ್ ಸಿನಿಮಾ ಥರ ಕಾಣುತ್ತದೆ. ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು, ಇ ಮತ್ತು ಎ ಗೆ ಅಗಲವಾದದ್ದು, ಉ ಮತ್ತು ಒ ಗೆ ಗುಂಡಗಿನದು, ವ ಮತ್ತು ಫ ಗೆ ಹಲ್ಲು ತುಟಿಗೆ ತಾಗಿದ್ದು. ಈ ಆರು ಬಾಯಿ ಬಿಡಿಸಿಟ್ಟುಕೊಂಡರೆ ಅಜ್ಜಿ ಇಡೀ ಕಥೆ ಹೇಳುತ್ತಾಳೆ.

7. ದುಡ್ಡು ಕೊಡುವ ಕಾಲ ಬಂದರೆ

ಪುಕ್ಕಟೆಯದರಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಒಂದು ಕಡೆ ನಿಂತುಬಿಡುತ್ತೀರಿ, ಇದು ಆಗುತ್ತಿಲ್ಲ, ಇದಕ್ಕೇ ಅರ್ಧ ದಿನ ಹೋಗುತ್ತಿದೆ ಅನ್ನಿಸುತ್ತದೆ. ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯಕ್ಕೆ ಉತ್ತರ ಕೊಡುವ ಸಾಫ್ಟ್‌ವೇರ್‌ಗೆ ಮಾತ್ರ ದುಡ್ಡು ಕೊಡಿ.

ಅದಕ್ಕೂ ಮುಂಚೆ ಒಂದು ಮಾತು. ಇನ್ನೂ ಮೌಸ್‌ನಲ್ಲಿ ಬಿಡಿಸುತ್ತಿದ್ದೀರಾ? ಹಾಗಾದರೆ ಮೊದಲ ದುಡ್ಡು ಪೆನ್ ಟ್ಯಾಬ್ಲೆಟ್‌ಗೆ, ಅಂದರೆ ಪೆನ್ನಿನಲ್ಲಿ ಬಿಡಿಸಿದ್ದನ್ನು ಕಂಪ್ಯೂಟರಿಗೆ ಕಳಿಸುವ ಹಲಗೆಗೆ, ಹೋಗಲಿ. ಪರದೆ ಇಲ್ಲದ ಚಿಕ್ಕ ಟ್ಯಾಬ್ಲೆಟ್ ಸಾಕು, ವಾಕಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಮೂರರಲ್ಲೂ ಕೆಲವು ಸಾವಿರಕ್ಕೆ ಸಿಗುವವು ಇವೆ. ಯಾವ ದುಬಾರಿ ಸಾಫ್ಟ್‌ವೇರೂ ಮೌಸ್‌ನಲ್ಲಿ ಎಳೆದ ಗೆರೆಯನ್ನು ಸುಂದರ ಮಾಡುವುದಿಲ್ಲ.

ಈಗ ಸಾಫ್ಟ್‌ವೇರ್. ಕ್ಲಿಪ್ ಸ್ಟುಡಿಯೋ ಪೇಂಟ್ ಕೈಯಲ್ಲಿ ಬಿಡಿಸುವವರಿಗೆ ಬಹಳ ಒಳ್ಳೆಯದು. ಆದರೆ ಕೊಳ್ಳುವಾಗ ಹುಷಾರು. ಕಡಿಮೆ ಬೆಲೆಯ ಪ್ರೊ ಆವೃತ್ತಿಯಲ್ಲಿ ಆನಿಮೇಷನ್ 24 ಫ್ರೇಮ್‌ಗೆ ಮಾತ್ರ. ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ ಒಂದು ಸೆಕೆಂಡು, ಅಷ್ಟೇ. ನಮ್ಮ ಅಜ್ಜಿ ತಲೆ ಎತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಉದ್ದದ ಶಾಟ್‌ಗೆ ಇಎಕ್ಸ್ ಬೇಕು, ಅದರ ಬೆಲೆ ಬಹಳ ಜಾಸ್ತಿ. ವರ್ಷದಲ್ಲಿ ಹಲವು ಸಲ ರಿಯಾಯಿತಿ ಬರುತ್ತದೆ, ಅವಸರ ಬೇಡ. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್ ಡ್ರೀಮ್ಸ್ ಇದೆ, 2023ರಲ್ಲಿ ಬಂದದ್ದು, ಒಂದೇ ಸಲ ದುಡ್ಡು ಕಟ್ಟಿದರೆ ಆಯಿತು, ಚಂದಾ ಇಲ್ಲ. ಇದಕ್ಕೋಸ್ಕರ ಐಪ್ಯಾಡ್ ಕೊಳ್ಳುವುದು ಮಾತ್ರ ಬೇಡ.

ಕಟೌಟ್ ಮಾಡುವವರಿಗೆ ಮೋಹೊ. ಡೆಬ್ಯು, ಪ್ರೊ ಅಂತ ಎರಡು ಇವೆ, ಎರಡನ್ನೂ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದು. ಡೆಬ್ಯು ಸಸ್ತಾ, ಮಿತಿಗಳೂ ಇವೆ. ಪ್ರೊದಲ್ಲಿರುವ ಸ್ಮಾರ್ಟ್ ಬೋನ್ ಅನ್ನುವುದು ನಿಜಕ್ಕೂ ಕೆಲಸ ಉಳಿಸುತ್ತದೆ: ಮೊಣಕೈ ಮಡಿಸಿದಾಗ ಚಿತ್ರ ಅಸಹ್ಯವಾಗಿ ಸೊಟ್ಟಗಾಗುವುದನ್ನು ಒಂದು ಸಲ ತಿದ್ದಿಟ್ಟರೆ ಆಮೇಲೆ ಯಾವಾಗ ಮಡಿಸಿದರೂ ತಿದ್ದಿದ ಹಾಗೇ ಬರುತ್ತದೆ. ವಾರಕ್ಕೊಂದು ಕಥೆ ಹಾಕುವವರಿಗೆ ಈ ಖರ್ಚು ಸರಿ ಹೋಗುತ್ತದೆ.

ಟೂನ್ ಬೂಮ್ ಹಾರ್ಮನಿ ದೊಡ್ಡ ಸ್ಟುಡಿಯೋಗಳ ಸಾಫ್ಟ್‌ವೇರ್. ಮನೆಯಲ್ಲಿ ಕೂತು ಸ್ವಂತಕ್ಕೆ ಮಾಡುವವರಿಗೆ ಬೇಡ. ಆದರೆ ಬೆಂಗಳೂರಿನ ಸ್ಟುಡಿಯೋದಲ್ಲಿ ಕೆಲಸ ಬೇಕು ಅನ್ನುವವರು ಅವರ ಕೆಲಸದ ಜಾಹೀರಾತುಗಳಲ್ಲಿ ಯಾವ ಹೆಸರು ಕೇಳುತ್ತಾರೆ ನೋಡಿ, ಹಾರ್ಮನಿ ಕೇಳಿದ್ದರೆ ಪ್ರಯೋಗದ ಅವಧಿಯಲ್ಲಿ ಅಥವಾ ವಿದ್ಯಾರ್ಥಿ ದರದಲ್ಲಿ ಕಲಿಯಿರಿ. ಅಡೋಬಿ ಆನಿಮೇಟ್ ಅಂದರೆ ಹಳೇ ಫ್ಲ್ಯಾಶ್, 2016ರಲ್ಲಿ ಹೆಸರು ಬದಲಾಯಿತು. ಹೊಸದಾಗಿ ಶುರುಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಚಂದಾ ಕಟ್ಟುವ ಮುಂಚೆ ಒಂದು ವರ್ಷದ ಲೆಕ್ಕ ಹಾಕಿ. ತಿಂಗಳಿಗೆ 20 ಡಾಲರ್ ಅಂದರೆ ಸಣ್ಣದಾಗಿ ಕಾಣುತ್ತದೆ. ವರ್ಷಕ್ಕೆ 240 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ 21,600. ಮೇಲೆ 18 ಶೇಕಡಾ ಜಿಎಸ್‌ಟಿ ಬಿದ್ದರೆ 25,488. ವಿದೇಶಿ ಪಾವತಿಗೆ ಬ್ಯಾಂಕು ಹಾಕುವ ಶುಲ್ಕ ಬೇರೆ. ಎರಡನೇ ವರ್ಷ ಕಟ್ಟದಿದ್ದರೆ ನಿಮ್ಮ ಫೈಲುಗಳನ್ನು ನೀವೇ ತೆರೆಯಲು ಆಗದೇ ಹೋಗಬಹುದು. ಇನ್ನೊಂದು, ಹೊಸ ಡೆಬಿಟ್ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮುಚ್ಚಿರುತ್ತದೆ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಂಡು, ಮಿತಿ ಹಾಕಿ, ಕೊಂಡ ಮೇಲೆ ಮತ್ತೆ ಮುಚ್ಚಿಬಿಡಿ. ಪ್ರಯೋಗದ ಅವಧಿಗೆ ಅಂತ ಕಾರ್ಡ್ ನಂಬರ್ ಕೊಟ್ಟಿದ್ದರೆ ಮುಗಿಯುವ ದಿನವನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಇಷ್ಟು ಒಳ್ಳೆಯವು ಪುಕ್ಕಟೆ ಸಿಗುವಾಗ ವೈರಸ್ ತಂದು ತಿಂಗಳುಗಟ್ಟಲೆ ಬಿಡಿಸಿದ್ದನ್ನು ಕಳಕೊಳ್ಳುವ ಕರ್ಮ ಯಾಕೆ?

8. ಲೈಸೆನ್ಸ್ ಓದಿ, ಫೈಲು ಸರಿಯಾಗಿ ಇಡಿ

ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ನೀವು ಮಾಡಿದ ಚಿತ್ರ ನಿಮ್ಮದೇ. ಮಾರಬಹುದು, ಯೂಟ್ಯೂಬ್‌ನಲ್ಲಿ ದುಡ್ಡು ಮಾಡಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ. ವಿದ್ಯಾರ್ಥಿ ಆವೃತ್ತಿ, ಕಲಿಕೆಯ ಆವೃತ್ತಿ ಅಂತ ಕಡಿಮೆ ಬೆಲೆಗೆ ಸಿಗುವವುಗಳಲ್ಲಿ ಹಾಗಲ್ಲ. ದುಡ್ಡು ಬರುವ ಕೆಲಸಕ್ಕೆ ಬಳಸಬಾರದು ಅಂತ ಎಷ್ಟೋ ಕಡೆ ಬರೆದಿರುತ್ತದೆ. ಅದನ್ನು ಮೊದಲೇ ಓದಿ, ಗಿರಾಕಿಗೆ ಕೆಲಸ ಒಪ್ಪಿಕೊಂಡ ಮೇಲೆ ಅಲ್ಲ.

ಫೈಲಿಗೆ ಹೆಸರಿಡುವುದರಲ್ಲಿ ಸೋಮಾರಿತನ ಬೇಡ. ಶಾಟ್ ನಂಬರ್, ಆವೃತ್ತಿ ನಂಬರ್ ಎರಡೂ ಇರಲಿ. ಫೋಲ್ಡರಿಗೂ ಫೈಲಿಗೂ ಇಂಗ್ಲಿಷ್ ಅಕ್ಷರಗಳ ಹೆಸರು ಕೊಡಿ, ಕನ್ನಡದ ಹೆಸರಿದ್ದರೆ ಕೆಲವು ಪ್ರೋಗ್ರಾಂಗಳು ಹೊರತೆಗೆಯುವಾಗ ಎಡವುತ್ತವೆ. ದಿನದ ಕೊನೆಗೆ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗಲಿ.

ಹೊರತೆಗೆಯುವಾಗ ನೇರವಾಗಿ ಎಂಪಿ4 ಮಾಡಬೇಡಿ, ಅದು ಬರೀ ತೋರಿಸಲು. ಮುಗಿದ ಶಾಟನ್ನು ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆಯಿರಿ, ಒಂದು ಫ್ರೇಮಿಗೆ ಒಂದು ಫೈಲು. ಆಮೇಲೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್‌ನಲ್ಲಿ, ಇವೂ ಪುಕ್ಕಟೆಯೇ, ಎಲ್ಲಾ ಶಾಟ್‌ಗಳನ್ನು ಜೋಡಿಸಿ ಧ್ವನಿ ಸೇರಿಸಿ. ಮುಂದೆ ಸಾಫ್ಟ್‌ವೇರ್ ಬದಲಾಯಿಸಿದರೂ ಈ ಚಿತ್ರಗಳನ್ನು ಎಲ್ಲಿ ಬೇಕಾದರೂ ತೆರೆಯಬಹುದು. ಅದೂ ಅಲ್ಲದೆ 300 ಫ್ರೇಮಿನ ಶಾಟ್ ಹೊರಬರುತ್ತಿರುವಾಗ 212ಕ್ಕೆ ಕರೆಂಟ್ ಹೋಯಿತು ಅಂದುಕೊಳ್ಳಿ. ಎಂಪಿ4 ಆದರೆ ಆ ಫೈಲು ತೆರೆಯುವುದೇ ಇಲ್ಲ, ಮೊದಲಿಂದ ಶುರು. ಪಿಎನ್‌ಜಿ ಸಾಲಾದರೆ ಅರ್ಧಕ್ಕೆ ನಿಂತ ಆ ಕೊನೆಯ ಚಿತ್ರ ಅಳಿಸಿ, ಅಲ್ಲಿಂದ ಮುಂದಕ್ಕೆ ಮಾತ್ರ ತೆಗೆದರೆ ಆಯಿತು.